ನಳಿಗೆಯ ಮೇಲಿನ ಹೆಸರು

ಹಳೆಯ ಕೋವಿಗಳ ಹುಟ್ಟು ಹೇಳುವುದರಲ್ಲಿ ಕೋವಿ ತಾತನ ಮಾತೇ ಕೊನೆ. ಯಾವ ದೇಶದ್ದು, ಯಾರು ಮಾಡಿದ್ದು ಎಂದು ಅವನು ಭೂತಗನ್ನಡಿ ಹಿಡಿದು ಹೇಳಿದರೆ ಮ್ಯೂಸಿಯಂನವರೂ ಎದುರಾಡುತ್ತಿರಲಿಲ್ಲ. ಆದರೆ ಆ ಬೆಳಿಗ್ಗೆ ಅಣ್ಣನ ಮಗಳು ಬಟ್ಟೆಯ ಗಂಟು ಬಿಚ್ಚಿದಾಗ ಅವನಿಗೆ ಭೂತಗನ್ನಡಿ ಬೇಕಾಗಲಿಲ್ಲ. ಐವತ್ತೆರಡು ವರ್ಷದ ಹಿಂದೆ ಕೈಯಲ್ಲಿ ಹಿಡಿದಿದ್ದ ರಿವಾಲ್ವರ್ ಅದು.

“ಅಪ್ಪ ಹೋಗಿ ತಿಂಗಳಾಯ್ತು. ನೀವಂತೂ ಬರ್ಲಿಲ್ಲ, ಚಿಕ್ಕಪ್ಪ.”

“ಮಂಡಿ ನೋವು ಕಣಮ್ಮ.”

“ಹ್ಞೂಂ, ಐವತ್ತು ವರ್ಷದಿಂದ ಮಂಡಿ ನೋವು. ಇರ್ಲಿ. ಇದನ್ನ ನಿಜವಾಗ್ಲೂ ಮಾಡಿದ್ಯಾರು, ಮೇಲೆ ಸುಳ್ಳು ಹೆಸರು ಕೆತ್ತಿದ್ಯಾರು, ಎರಡೂ ಬರೆದುಕೊಡಿ. ಅಪ್ಪನ್ನ ಸಾಯೋವರೆಗೂ ಮೋಸಗಾರ ಅಂತ್ಲೇ ಕರೆದ್ರು. ನಿಮ್ಮ ಚೀಟಿ ಇದ್ರೆ ಆ ಬಾಯಿಗಳು ಮುಚ್ತವೆ.”

ಅಣ್ಣ ತಮ್ಮ ಇಬ್ಬರೂ ಒಂದೇ ಕೋವಿ ಅಂಗಡಿಯಲ್ಲಿ ಕೆಲಸಕ್ಕಿದ್ದವರು. ಒಂದು ದಿನ ಗಿರಾಕಿಯೊಬ್ಬ ತಾನು ಅಲ್ಲೇ ಕೊಂಡಿದ್ದ ಈ ರಿವಾಲ್ವರನ್ನು ತಂದು ಬಿಸಾಡಿದ್ದ. ನಳಿಗೆಯ ಮೇಲೆ ಲಂಡನ್ನಿನ ದೊಡ್ಡ ಕಂಪನಿಯ ಹೆಸರಿದೆ, ಮಾಲು ಅವರದಲ್ಲ ಎಂದು. ಕೆತ್ತನೆಯ ಮೇಜು ಅಣ್ಣನದು. ಯಜಮಾನ ಕೇಳಿದಾಗ ಅಣ್ಣ ತಮ್ಮನ ಮುಖ ನೋಡಿದ. ತಮ್ಮ ನೆಲ ನೋಡಿದ. ಅಷ್ಟೇ. ಯಜಮಾನ ಅಣ್ಣನನ್ನೂ ರಿವಾಲ್ವರನ್ನೂ ಒಟ್ಟಿಗೇ ಹೊರಗೆ ಹಾಕಿದ. ಮತ್ತೆ ಯಾವ ಅಂಗಡಿಯೂ ಹತ್ತಿರ ಸೇರಿಸಲಿಲ್ಲ. ಕತ್ತರಿ, ಚಾಕು ಸಾಣೆ ಹಿಡಿಯುತ್ತ ಬೀದಿ ಬೀದಿ ಅಲೆದು ಅಣ್ಣ ಸವೆದುಹೋದ. ಅವನ ಮೇಜಿಗೆ ತಮ್ಮ ಬಂದು ಕೂತ.

ಈಗ ತಾತ ಕೆಲಸಕ್ಕಿಳಿದ. ಐದು ಗುಂಡಿನ ಉರುಳೆ ಬಿಚ್ಚಿದ. ತೂತುಗಳ ನಡುವೆ ಕಿರೀಟದ ಮುದ್ರೆ. ಹಿಡಿಯ ಮರದ ತಿರುಪು ಸಡಿಲಿಸಿದ. ಒಳಗಿನ ಕಬ್ಬಿಣದಲ್ಲಿ ಅಕ್ಕಿಕಾಳಿನಷ್ಟು ಒಂದು ಮೀನು.

“ಇಂಗ್ಲೆಂಡಿನದೇ. ಸಿಡಿಮದ್ದಿನ ಕೇಪು ಇಟ್ಟು ಹೊಡೆಯೋ ಕಾಲದ್ದು. ಈ ಮೀನಿನ ಗುರುತಿನವನು ಸಣ್ಣ ಅಂಗಡಿಯವನು, ಆದ್ರೆ ಕೆಲಸ ಬಂಗಾರ. ಸುಳ್ಳು ಹೆಸರೇ ಬೇಕಿರಲಿಲ್ಲ ಇದಕ್ಕೆ.”

“ಕೆತ್ತಿದ್ದು?”

“ಅದನ್ನ ಇಷ್ಟು ವರ್ಷದ ಮೇಲೆ ಯಾರು ಹೇಳೋಕಾಗುತ್ತೆ, ಮಗೂ.”

“ಹೋಗ್ಲಿ ಬಿಡಿ. ಮ್ಯೂಸಿಯಂನವರು ನೋಡಿ ನಕ್ಕುಬಿಟ್ರು. ಯಾವನೋ ಕೆಲಸ ಬಾರದವನು ಮೊಳೆಯಲ್ಲಿ ಗೀಚಿದ್ದು ಅಂದ್ರು.”

“ಗೀಚಿದ್ದಾ?” ತಾತನ ಕಿವಿ ಕೆಂಪಾಯಿತು. “ಅವರ ತಲೆ! ಬಾ ಇಲ್ಲಿ, ಈ ತಿರುವು ನೋಡು. ಉಳಿ ಎಡಗಡೆ ಹೊಕ್ಕು ಬಲಗಡೆ ಎದ್ದಿದೆ, ಒಂದೇ ಉಸಿರಲ್ಲಿ. ಎಡಗೈಯವನ ಕೆಲಸ ಇದು. ಎಡಗೈಲಿ ಇಷ್ಟು ನುಣ್ಣಗೆ ಕೆತ್ತೋನು ಈ ಊರಲ್ಲೇ...”

ಭೂತಗನ್ನಡಿ ಅವನ ಎಡಗೈಯಲ್ಲೇ ಇತ್ತು. ಅವಳು ಅದನ್ನೇ ನೋಡುತ್ತಿದ್ದಳು.

“ಅಪ್ಪ ಬಲಗೈಯವ್ರು,” ಎಂದಳು. “ಮ್ಯೂಸಿಯಂಗೆ ನಾನು ಹೋಗೇ ಇಲ್ಲ. ಅಪ್ಪ ಹೇಳ್ತಿದ್ರು: ತಪ್ಪು ಹೊರಿಸಿದ್ರೆ ನಿನ್ನ ಚಿಕ್ಕಪ್ಪ ಸುಮ್ನಿರ್ತಾನೆ, ಕೆಲಸ ಬೈದ್ರೆ ಸುಮ್ನಿರಲ್ಲ ಅಂತ.”

“ಆಗ ನಂಗೆ ಹದಿನೇಳು...”

“ಅಪ್ಪಂಗೆ ಇಪ್ಪತ್ತೊಂದು. ಬರೀರಿ.”

ಅವನು ಬರೆದ. ಇಂಗ್ಲೆಂಡು, ಐದು ಗುಂಡು, ಮೀನಿನ ಗುರುತು. ಅಂಗೈಯಂಚಿಗೆ ತಾಗಿ ಹಸಿ ಮಸಿ ಅಲ್ಲಲ್ಲಿ ಕದಡಿತು. ಪೆನ್ನು ನಿಂತಿತು.

“ಇನ್ನೊಂದು ಸಾಲು ಇದೆ, ಚಿಕ್ಕಪ್ಪ.”

ಅವಳು ತನ್ನಪ್ಪನ ಹಾಗೆಯೇ ಅವನ ಮುಖ ನೋಡುತ್ತ ನಿಂತಳು. ಅವನು ನೆಲ ನೋಡಿದ.

ಅವಳು ಗಂಟು ಕಟ್ಟಿಕೊಂಡು ಹೊರಟಳು. ಆ ಸಾಲಿಲ್ಲದ ಚೀಟಿಯನ್ನು ಒಯ್ಯಲಿಲ್ಲ.