ಕೈತೊಳಿ ಮಾವ

"ಅತ್ತೆ, ಇನ್ನೊಂದು ಹೆಜ್ಜೆ ಬೇಡ," ಎಂದು ಮಗಳು ಬಾಗಿಲಿಗೆ ಅಡ್ಡವಾಗಿ ಎರಡೂ ಕೈ ಚಾಚಿದಳು.

ಅತ್ತೆಯ ಕೈಯಲ್ಲಿದ್ದ ಹೂವಿನ ಹಾರ ಹೊಸ್ತಿಲಲ್ಲೇ ನಿಂತಿತು. "ಒಡಹುಟ್ಟಿದ ಅಣ್ಣ ಕಣೇ. ಮುಖ ನೋಡೋಕೂ ನಿನ್ನ ಅಪ್ಪಣೆ ಬೇಕಾ?"

"ಕಿಟಕಿಯಿಂದ ನೋಡಿ. ಮಧ್ಯಾಹ್ನ ಲ್ಯಾಬಿನಿಂದ ಸುದ್ದಿ ಬರತ್ತೆ. ಅಲ್ಲೀವರೆಗೂ ಯಾರೂ ಮುಟ್ಟೋ ಹಾಗಿಲ್ಲ. ಅಪ್ಪನೇ ಬರೆದಿಟ್ಟ ನಿಯಮ."

ಅಪ್ಪ ಪಶು ಆಸ್ಪತ್ರೆಯ ಕಾಂಪೌಂಡರ್. ಹತ್ತು ದಿನದ ಹಿಂದೆ ಕೋಳಿ ಫಾರ್ಮೊಂದರಲ್ಲಿ ರಾಶಿಬಿದ್ದ ಸತ್ತ ಕೋಳಿಗಳನ್ನು ಪರೀಕ್ಷಿಸಿ ಬಂದಿದ್ದ. ಆರನೇ ದಿನ ಜ್ವರ ಬಂತು. ತಟ್ಟೆ ಲೋಟ ಎತ್ತಿಕೊಂಡು ತಾನೇ ಹೊರಕೋಣೆ ಸೇರಿಕೊಂಡ. ನಿನ್ನೆ ಡಾಕ್ಟರು ಮೂಗಿನ ದ್ರವದ ಮಾದರಿ ಒಯ್ದಿದ್ದರು. ಇಂದು ದೊಡ್ಡಾಸ್ಪತ್ರೆಗೆ ಸಾಗಿಸುವುದಿತ್ತು. ಬೆಳಗಿನ ಜಾವವೇ ಉಸಿರು ನಿಂತಿತು. ಕಣ್ಣು ಮುಚ್ಚಿಸಿದ್ದು ಮಗಳೇ, ಕೈಗವಸು ತೊಟ್ಟು.

ಹಕ್ಕಿ ಜ್ವರವಾಗಿದ್ದರೆ ಆರೋಗ್ಯ ಇಲಾಖೆಯವರು ಚೀಲದಲ್ಲಿ ಸುತ್ತಿ ಒಯ್ಯುತ್ತಾರೆ. ಬೀದಿಗೆ ಬೀದಿಯೇ ಬಾಗಿಲು ಹಾಕಬೇಕಾಗುತ್ತದೆ. ಆಗಿರದಿದ್ದರೆ, ಅಮ್ಮನನ್ನು ಇಷ್ಟು ಹೊತ್ತು ಸುಮ್ಮನೆ ದೂರವಿಟ್ಟಂತೆ.

ಅಂಗಳದಲ್ಲಿ ದೂರದೂರ ಹಾಕಿದ ಕುರ್ಚಿಗಳಲ್ಲಿ ನೆರೆಯವರು ಕೂತಿದ್ದರು.

"ಕೈತೊಳಿ ಮಾವ ಹೋದ ಮೇಲೂ ನಮ್ಮನ್ನ ಹತ್ತಿರ ಬಿಡ್ಲಿಲ್ಲ ನೋಡಿ," ಎಂದ ದರ್ಜಿ.

"ಇದ್ದಾಗ ಮಾತ್ರ ಬಿಟ್ಟಿದ್ನಾ?" ಕೋಳಿ ಅಂಗಡಿಯವನು ಮೂಗೊರೆಸಿಕೊಂಡ. "ನನ್ನ ಕೋಳಿ ಒಂದು ತೂಕಡಿಸಿದ್ರೂ ಸಾಕು, ಔಷಧಿ ಡಬ್ಬಿ ಹಿಡ್ಕೊಂಡು ಹಾಜರ್, 'ಮೊದ್ಲು ಕೈತೊಳಿ' ಅಂತ. ಹದಿನೈದು ವರ್ಷ ಬೈದೆ. ಇನ್ನು ಯಾರನ್ನ ಬೈಲಿ?"

ಮೆಟ್ಟಿಲ ಮೇಲಿದ್ದ ಅಮ್ಮ ಮೆಲ್ಲಗೆ ಕೇಳಿದಳು: "ಒಂದ್ಸಲ ಕೈ ಹಿಡಿಯೋಕಾದ್ರೂ ಆಗತ್ತೇನೇ?"

ಮಗಳು ಕೈಗವಸಿನ ಅಂಚನ್ನು ಮಣಿಕಟ್ಟಿನವರೆಗೆ ಎಳೆದುಕೊಂಡಳು.

*

ಮಗಳಿಗಾಗ ಎಂಟು ವರ್ಷ. ಅಪ್ಪ ಮೂವರ ಕೈಗವಸಿಗೂ ನೀಲಿ ಶಾಯಿ ಬಳಿದಿದ್ದ.

"ಇದೇ ರೋಗ ಅಂದ್ಕೊಳ್ಳಿ. ಮೈಗೆ ತಾಗದ ಹಾಗೆ ತೆಗೀರಿ."

ಒಂದನ್ನು ಒಳಹೊರಗು ಮಾಡಿ ಎಳೆಯಬೇಕು, ಇನ್ನೊಂದರಲ್ಲಿ ಅದನ್ನೇ ಸುತ್ತಬೇಕು. ನಡುವೆ ಅಮ್ಮನಿಗೆ ಮೂಗು ತುರಿಸಿತು.

"ನೀನು ಸತ್ತೆ," ಎಂದ ಅಪ್ಪ, ಅವಳ ನೀಲಿ ಮೂಗು ನೋಡಿ.

"ಸತ್ತವಳು ಅಡುಗೆ ಮಾಡಲ್ಲ. ನೀವೇ ಒಲೆ ಹಚ್ಚಿ."

ಅಪ್ಪ ನಗುತ್ತಲೇ ಒಲೆ ಹಚ್ಚಿದ. "ರೋಗ ಬಂದ ದಿನ ಕಲಿಯೋಕೆ ಪುರುಸೊತ್ತಿರಲ್ಲ ಕಣ್ರೇ," ಎಂದ.

*

ಒಂದೂವರೆಗೆ ಫೋನ್ ಬಂತು.

"ಹಕ್ಕಿ ಜ್ವರ ಅಲ್ಲಮ್ಮ," ಎಂದರು ಡಾಕ್ಟರು. "ಎರಡು ಸಲ ನೋಡಿದಾರೆ. ಮಾಮೂಲಿ ಜ್ವರ, ಎದೆಗಿಳಿದಿತ್ತು. ನಿಮ್ಮಪ್ಪನ ಹೃದಯ ತಡೀಲಿಲ್ಲ. ಆ ಕೋಳಿಗಳದ್ದೂ ಮನುಷ್ಯರಿಗೆ ಬರೋ ಕಾಯಿಲೆ ಅಲ್ಲ."

"ಸೀಸೆ ಅದಲುಬದಲಾಗಿಲ್ಲ ತಾನೇ ಸಾರ್?"

"ಮಾದರಿ ಕೊಡೋಕೆ ಮುಂಚೆ ನಿಮ್ಮಪ್ಪನೇ ಸೀಸೆಗೆ ಹೆಸರು ಬರೆದಂಟಿಸಿದ್ರು. ನನ್ನ ಅಕ್ಷರ ನಂಬಲ್ಲ ಅಂದ್ರು."

ಮಗಳು ಗೋಡೆಗೊರಗಿ ಉಸಿರು ಬಿಟ್ಟಳು. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದಳು.

"ಅಯ್ಯೋ, ಬರೀ ಜ್ವರಾನಾ!" ಎಂದು ಅತ್ತೆ ನಕ್ಕೇಬಿಟ್ಟಳು, ನಕ್ಕಿದ್ದಕ್ಕೆ ನಾಚಿ ಜೋರಾಗಿ ಅತ್ತಳು. ಕೋಳಿ ಅಂಗಡಿಯವನು ಕುರ್ಚಿಯನ್ನು ದರ್ಜಿಯ ಪಕ್ಕಕ್ಕೆಳೆದು ಅವನ ಹೆಗಲ ಮೇಲೆ ಕೈಹಾಕಿದ.

ಮಗಳು ಕೈಗವಸು ತೆಗೆದು, ಒಂದರೊಳಗೊಂದು ಸುತ್ತಿ, ಅಭ್ಯಾಸಬಲದಿಂದ ಮಣಿಕಟ್ಟು ನೋಡಿಕೊಂಡಳು. ಎಲ್ಲೂ ನೀಲಿಯಿರಲಿಲ್ಲ. ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದಳು.

ಅಮ್ಮ ಒಳಗೆ ಓಡಲಿಲ್ಲ. ಅಂಗಳದ ನಲ್ಲಿಗೆ ಹೋಗಿ ಮಣಿಕಟ್ಟಿನವರೆಗೂ ಸೋಪು ಹಚ್ಚಿ, ಉಗುರುಸಂದಿಯನ್ನೂ ತಿಕ್ಕಿ ತೊಳೆದಳು. ಒದ್ದೆ ಕೈಯಲ್ಲೇ ಬಂದು ಅಪ್ಪನ ಕೈ ಹಿಡಿದುಕೊಂಡಳು.

ಮಗಳು ತಿರುಗಿ ನೋಡಿದಳು. ನಲ್ಲಿಯ ಮುಂದೆ ಅತ್ತೆ, ಅವಳ ಹಿಂದೆ ದರ್ಜಿ, ಅವನ ಹಿಂದೆ ಕೋಳಿ ಅಂಗಡಿಯವನು, ಇಡೀ ಬೀದಿ ತೋಳೇರಿಸಿಕೊಂಡು ಸಾಲಾಗಿ ನಿಂತಿತ್ತು.