ಎಂಟಡಿ ರ‍್ಯಾಂಪು

"ಆ ಹೆಳವೀನ ದಾರಿಯಿಂದ ಎತ್ತೇ, ಲೌಡಿ. ಸಾಹೇಬ್ರು ಬರೋ ಹೊತ್ತಿಗೆ ಬಾಗಿಲಲ್ಲೇ ಹೆಣ ಕೆಡವಿದಂಗೆ ಕೆಡವಿದ್ದೀಯಲ್ಲ."

ಹೀಗೆಂದವರು ಹೆಡ್‌ಮಾಸ್ತರು. ನಮ್ಮನ್ನು ಕರೆಸಿಕೊಂಡವರೂ ಅವರೇ. ಹಿಂದಿನ ದಿನ ಜವಾನನನ್ನು ಕಳಿಸಿ, ಮಗಳಿಗೆ ತಲೆ ಬಾಚಿ ಕರೆತರಲು ಹೇಳಿದ್ದರು. ಎತ್ತಿ ಸೊಂಟಕ್ಕೆ ಹಾಕಿಕೊಂಡೆ. ಹನ್ನೊಂದು ವರ್ಷದವಳು, ಎರಡು ಕಾಲೂ ಸತ್ವವಿಲ್ಲದೆ ನೇತಾಡುತ್ತವೆ, ಭಾರವೇನೂ ಕಡಿಮೆಯಿಲ್ಲ.

ಇಂಥ ಮಕ್ಕಳನ್ನೂ ಶಾಲೆಗೆ ಸೇರಿಸಲೇಬೇಕೆಂದು ಕಾಯ್ದೆ ಬಂದ ಮೇಲೆ ಇವಳ ಹೆಸರು ಹಾಜರಿ ಪುಸ್ತಕ ಸೇರಿತು. ಎರಡು ವರ್ಷದಿಂದ ದಿನಾ ಹಾಜರಿ ಬೀಳುತ್ತಿದೆ. ಮಗಳು ಮಾತ್ರ ಒಂದು ದಿನವೂ ತರಗತಿಯೊಳಗೆ ಕೂತವಳಲ್ಲ. ಕೇಳಲು ಹೋದಾಗಲೆಲ್ಲ ಹೆಡ್‌ಮಾಸ್ತರು, ಗಾಲಿಕುರ್ಚಿ ಹತ್ತಲು ಇಳಿಜಾರು ಬೇಕು, ರ‍್ಯಾಂಪು ಆಗಲಿ ಎನ್ನುತ್ತಿದ್ದರು.

ಆ ರ‍್ಯಾಂಪಿಗೆ ಕೊನೆಗೆ ಕೂಲಿಯಾಗಿ ಗಾರೆ ಹೊತ್ತವಳು ನಾನೇ. ಮಗಳ ದಾರಿ ಎಂದುಕೊಂಡು ಆ ನಾಲ್ಕು ದಿನ ಬಾಂಡಲಿಯ ಭಾರವೇ ಗೊತ್ತಾಗಲಿಲ್ಲ. ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ. ಎರಡಡಿ ಎತ್ತರದ ಜಗಲಿಗೆ ಇಪ್ಪತ್ನಾಲ್ಕು ಅಡಿ ಉದ್ದ ಎಂದು ನಕ್ಷೆಯಲ್ಲಿತ್ತು. ಮೇಸ್ತ್ರಿ ಎಂಟಡಿಗೇ ದಾರ ಕಟ್ಟಿದ.

"ಅಣ್ಣಾ, ಇದು ಗೋಡೆ ಹತ್ತಿದಂಗೆ ಆಗಲ್ವಾ?" ಎಂದೆ.

"ಅಷ್ಟುದ್ದ ಎಳೆದ್ರೆ ಹೆಡ್‌ಮಾಸ್ತರ ಕಾರು ನಿನ್ನ ತಲೆ ಮೇಲೆ ನಿಲ್ಸೋದಾ? ಇದನ್ನ ಯಾವಳು ಹತ್ತೋಕೆ ಬರ್ತಾಳೆ? ಗಾರೆ ಹಾಕು, ಬಾಯಿ ಹಾಕಬೇಡ."

ಹಾಕಿದೆ. ಆ ಪಾಪ ನನ್ನದೂ ಹೌದು.

ಹೊಸ ಇಳಿಜಾರಿನ ಫೋಟೋ ತೆಗೆಸಲು ಶಿಕ್ಷಣ ಇಲಾಖೆಯ ಸಾಹೇಬರು ಬಂದರು. ಆಸ್ಪತ್ರೆಯಿಂದ ಒಂದು ದಿನದ ಮಟ್ಟಿಗೆ ತಂದ ಗಾಲಿಕುರ್ಚಿಯಲ್ಲಿ ಮಗಳನ್ನು ಕೂರಿಸಿದರು. ನನ್ನ ಸೀರೆ ಕೊಳಕು, ಫೋಟೋ ಕೆಡುತ್ತದೆ ಎಂದು ತಳ್ಳಲು ಜವಾನನನ್ನು ಬಿಟ್ಟರು. ಅವನು ಏದುಸಿರು ಬಿಡುತ್ತ ಅರ್ಧ ತಳ್ಳಿದ. ಫೋಟೋದವನು ಇತ್ತ ನೋಡಿ ಎಂದದ್ದೇ ತಡ, ಹಲ್ಲು ಕಿರಿದು ಒಂದು ಕೈ ಬಿಟ್ಟು ತಲೆ ಸವರಿಕೊಂಡ. ಕುರ್ಚಿ ಹಿಂದಕ್ಕೆ ಜಾರಿ, ವಾಲಿ, ಮಗುಚಿತು. ಮಗಳ ಮುಖ ಸಿಮೆಂಟಿಗೆ ಬಡಿಯಿತು.

"ರಕ್ತ ಒರೆಸ್ರಿ, ಇನ್ನೊಂದು ಸಲ ತೆಗೆಯೋಣ," ಎಂದು ಸಾಹೇಬರು ಗಡಿಯಾರ ನೋಡಿಕೊಂಡರು.

ತೆಗೆದರು. ಈ ಸಲ ಇಬ್ಬರು ಕುರ್ಚಿಯ ಹಿಂದೆ ಕುಕ್ಕರುಗಾಲಲ್ಲಿ ಅಡಗಿ ಹಿಡಿದುಕೊಂಡಿದ್ದರು. ಮುರಿದ ಹಲ್ಲು ಕಾಣಬಾರದೆಂದು ಮಗಳಿಗೆ ಬಾಯಿ ಮುಚ್ಚಿಕೊಂಡು ನಗಲು ಹೇಳಿದರು. ಅವಳು ಹಾಗೇ ನಕ್ಕಳು.

ಸಾಹೇಬರು, ಹೆಡ್‌ಮಾಸ್ತರು ತರಗತಿ ನೋಡಲು ಒಳಗೆ ಹೋದರು. ಜವಾನ ಕುರ್ಚಿಯನ್ನು ಕೆಳಗಿಳಿಸಿ ಮಗಳನ್ನು ನೆಲಕ್ಕೆ ಬಿಟ್ಟ.

"ಕೆಲ್ಸ ಮುಗೀತು. ಎತ್ಕೊಂಡು ಮನೆಗೆ ನಡಿ."

ನಾನು ಕೈ ಚಾಚಿದೆ.

"ಮುಟ್ಬೇಡಮ್ಮ," ಎಂದಳು.

ಅಂಗೈ ಊರಿ, ಮೈ ಎಳೆದುಕೊಳ್ಳುತ್ತ ಎಂಟಡಿಯನ್ನೂ ತೆವಳಿದಳು. ನಾನು ಹೊತ್ತ ಗಾರೆಯೇ ಅವಳ ಮೊಣಕೈ ತರಿಯಿತು. ತರಗತಿಯ ಹೊಸ್ತಿಲಿಗೆ ಅಡ್ಡಲಾಗಿ ಕೂತಳು. ಆ ಕೋಣೆಗೆ ಇರುವುದು ಅದೊಂದೇ ಬಾಗಿಲು.

"ಎತ್ತೇ ಅವಳನ್ನ, ಸಾಹೇಬ್ರು ಹೊರಗೆ ಬರಬೇಕು," ಎಂದು ಹೆಡ್‌ಮಾಸ್ತರು ಒಳಗಿನಿಂದ ಹಲ್ಲು ಕಡಿದರು.

ನಾನು ಹೋಗಿ ಅವಳ ಪಕ್ಕದಲ್ಲೇ ಕಾಲು ಚಾಚಿ ಕೂತೆ.

"ಹಾಜರಿ ಕೂಗಿ ಸ್ವಾಮಿ. ಎರಡು ವರ್ಷದಿಂದ ನೀವೇ ಬರ್ಕೊಂಡ್ರಿ, ಇವತ್ತು ಅವಳೇ ಹೇಳ್ತಾಳೆ."

ಸಾಹೇಬರು ನಮ್ಮನ್ನು ದಾಟಲು ಬೂಟುಗಾಲು ಎತ್ತಿದರು. ಮಗಳು ಅದರ ಕೆಳಗಿನಿಂದಲೇ ರಕ್ತ ತುಂಬಿದ ಬಾಯಿ ತೆರೆದಳು.

"ಬಂದಿದ್ದೀನಿ ಸಾರ್."