ಗಾಳಿಡಬ್ಬಿಯ ಚೀಟಿ

ನನಗೆ ಯಾರ ಮೇಲೂ ನಂಬಿಕೆಯಿಲ್ಲ ಎಂದು ಮನೆಯವರು ದೂರುತ್ತಾರೆ. ದೂರಲಿ. ಇಪ್ಪತ್ತೆಂಟು ವರ್ಷದಿಂದ ಬಸ್ಸು ಹತ್ತಿ ಟಿಕೆಟ್ ತಪಾಸಣೆ ಮಾಡುತ್ತಿರುವವಳಿಗೆ ನಂಬಿಕೆ ಎಲ್ಲಿಂದ ಬರಬೇಕು? ಟಿಕೆಟ್ ಕೇಳಿದಾಗ ಸತ್ತುಹೋದ ಅಜ್ಜಿಯರಿಗೆ ಒಂದು ಸ್ಮಶಾನ ಸಾಲದು. ಅವರಲ್ಲಿ ಅರ್ಧ ಜನ ಮರುವಾರ ಅದೇ ಬಸ್ಸಿನಲ್ಲಿ ಮೊಮ್ಮಗನ ಪಕ್ಕ ಕೂತಿರುತ್ತಿದ್ದರು.

ನಾನು ನಂಬಿದ್ದು ಒಂದನ್ನೇ, ನನ್ನ ಕೆಂಪಿಯನ್ನು. ಕೆಂಪಿ ಅಂದರೆ ನನ್ನ ಕಾರು. ಎರಡೇ ಬಾಗಿಲು, ಟರ್ಬೊ ಎಂಜಿನ್ನು, ವಯಸ್ಸು ಇಪ್ಪತ್ತಾರು. ವಾರವಿಡೀ ಬಸ್ಸಿನ ಆಮೆನಡಿಗೆಯಲ್ಲಿ ನಿಂತು ತೂಗಾಡಿದ ಮೇಲೆ ಭಾನುವಾರ ಬೆಳಿಗ್ಗೆ ಅವಳನ್ನು ಊರಾಚೆಯ ಏರುದಾರಿಗೆ ಒಯ್ದು ಮೂರನೇ ಗೇರಿನಲ್ಲಿ ಒದ್ದರೆ, ನನ್ನ ಮಂಡಿನೋವು ಎಲ್ಲಿ ಹೋಗುತ್ತದೋ ಗೊತ್ತಾಗುವುದಿಲ್ಲ.

ಅಂಥ ಕೆಂಪಿ ಈ ಸಲ ವಾಹನ ತಪಾಸಣೆಯಲ್ಲಿ ಫೇಲಾದಳು. ತಪ್ಪು ನನ್ನದೇ. ಎಂಜಿನ್ನಿಗೆ ಗಾಳಿ ಎಳೆದುಕೊಡುವ ಹಳೇ ಡಬ್ಬಿ ಬಿರುಕುಬಿಟ್ಟಿತ್ತು. ಕಂಪನಿಯ ಹೊಸದು ಎಲ್ಲೂ ಸಿಗುತ್ತಿರಲಿಲ್ಲ. ಯಾವನೋ ಹೇಳಿದನೆಂದು ಒಂದು ಬತ್ತಲೆ ಫಿಲ್ಟರು ಹಾಕಿಸಿಕೊಂಡಿದ್ದೆ. ಕೊಳವೆಯ ತುದಿಗೆ ಬರೀ ಜಾಲರಿಯ ಲಾಳಿಕೆ, ಮುಚ್ಚಳವಿಲ್ಲ, ಮರೆಯಿಲ್ಲ. ಆಕ್ಸಿಲರೇಟರ್ ತುಳಿದರೆ ಬೀದಿ ನಾಯಿಗಳೆಲ್ಲ ಎದ್ದು ನಿಲ್ಲುತ್ತಿದ್ದವು. ತಪಾಸಣೆಯವನು ಬಾನೆಟ್ಟು ಎತ್ತಿ, ಮೂಗು ಮುರಿದು, "ರಸ್ತೆಗೆ ಮಂಜೂರಾತಿ ಇಲ್ಲ. ಹದಿನೈದು ದಿನ ಟೈಮು. ಮತ್ತೆ ಫೇಲಾದ್ರೆ ನಂಬರ್ ಪ್ಲೇಟ್ ಬಿಚ್ಚಿಡಿ, ಗಾಡಿ ಗುಜರಿಗೆ" ಅಂದ.

ಹೋದೆ ತಮ್ಮನ ಗ್ಯಾರೇಜಿಗೆ. ನನಗಿಂತ ಹನ್ನೊಂದು ವರ್ಷ ಚಿಕ್ಕವನು, ಹಳೇ ಕಾರುಗಳ ಮೆಕ್ಯಾನಿಕ್ಕು. ಕೈ ಒಳ್ಳೇದು, ಅದನ್ನು ಒಪ್ಪುತ್ತೇನೆ. ಉಳಿದದ್ದರಲ್ಲಿ ನನಗೆ ಅವನ ಮೇಲೆ ಒಂದು ಕಣ್ಣು ಇದ್ದೇ ಇತ್ತು. ಹತ್ತೊಂಬತ್ತು ವರ್ಷದ ಹಿಂದೆ ನಾನು ಹತ್ತಿದ ಬಸ್ಸಿನಲ್ಲೇ ಅವನು ಟಿಕೆಟ್ ಇಲ್ಲದೆ ಸಿಕ್ಕಿಬಿದ್ದಿದ್ದ. "ತಗೊಂಡಿದ್ದೆ ಅಕ್ಕಾ, ಕಿಟಕಿಯಿಂದ ಗಾಳಿಗೆ ಹಾರಿಹೋಯ್ತು" ಅಂದ. ಇಂಥ ಕಾಗೆ ಎಷ್ಟು ಹಾರಿಸಿಲ್ಲ ಜನ! ಎಲ್ಲರ ಎದುರೇ ದಂಡ ಬರೆದೆ. ನೆಂಟರು ಸೇರಿದಲ್ಲೆಲ್ಲ ಆ ಕತೆ ಹೇಳಿ ನಗಿಸುತ್ತಿದ್ದವನು ಅವನೇ. ನಾನೂ ನಗುತ್ತಿದ್ದೆ.

ಈಗ ಅವನ ಗ್ಯಾರೇಜಿನ ಎಣ್ಣೆಜಿಡ್ಡಿನ ಬೆಂಚಿನ ಮೇಲೆ ಎರಡು ಗಾಳಿಡಬ್ಬಿ ಕೂತವು. ಒಂದು ನಾನು ತರಿಸಿದ್ದು. ಬೇರೆ ಕಂಪನಿಯದು, ಮಿರಿಮಿರಿ ಮಿಂಚುವ ಹೊಚ್ಚಹೊಸದು, ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ 'ರಸ್ತೆಗೆ ಮಾನ್ಯ' ಎಂಬ ಬರಹ. ಇನ್ನೊಂದು ಅವನು ಎಲ್ಲಿಂದಲೋ ಹುಡುಕಿ ತಂದದ್ದು. ಕಪ್ಪು ಪ್ಲಾಸ್ಟಿಕ್ಕಿನ ಮುಚ್ಚಿದ ಡಬ್ಬಿ, ಮೂಲೆ ಸವೆದಿದೆ, ಮೇಲೊಂದು ಬೆಳ್ಳಿಬಣ್ಣದ ಪುಟ್ಟ ಚೀಟಿ, ಚೀಟಿಯಲ್ಲಿ ನಂಬರು.

"ಹೊಸದು ಇರುವಾಗ ಈ ಮುದಿಡಬ್ಬಿ ಯಾಕೆ?" ಅಂದೆ.

"ಹೊಸದರ ನಂಬರು ನಾಲ್ಕು ವರ್ಷ ಈಚಿನ ಎಂಜಿನ್ನಿಗೆ ಅಕ್ಕಾ. ನಿನ್ನ ವರ್ಷದ ಗಾಡಿ ಆ ಪಟ್ಟಿಯಲ್ಲೇ ಇಲ್ಲ. ಮಂಜೂರಾತಿ ಡಬ್ಬಿಗೆ ಅಲ್ಲ, ಡಬ್ಬಿ ಮತ್ತು ಎಂಜಿನ್ ಜೋಡಿಗೆ ಕೊಡೋದು. ಇದು ನಿನ್ನ ಎಂಜಿನ್ನಿಗೇ ಮಾಡಿದ್ದು. ತಗೋ, ಇದರ ಪ್ರಮಾಣಪತ್ರ." ಒಂದು ಹಾಳೆ ಕೊಟ್ಟ. ನಂಬರು ತಾಳೆಯಾಗುತ್ತಿತ್ತು. ಆಮೇಲೆ ಇನ್ನೊಂದು ಕಾರಿನ ಕೆಳಗೆ ತೂರಿಕೊಳ್ಳುತ್ತಾ ಅಂದ, "ಆ ಚೀಟಿ ಮಾತ್ರ ಮುಟ್ಟಬೇಡ."

ನನ್ನ ಕಿವಿ ನೆಟ್ಟಗಾಯಿತು. ಮುಟ್ಟಬೇಡಿ ಮೇಡಂ, ಹಾಳಾಗುತ್ತೆ ಮೇಡಂ! ಪಾಸು ತೋರಿಸುವಾಗ ಹಾಗೆ ಅಂದವರಲ್ಲಿ ಒಬ್ಬನಾದರೂ ಸಾಚಾ ಇದ್ದನೇ? ತಮ್ಮ ಡಬ್ಬಿ ಕೂರಿಸಿ ಮುಗಿಸಿದ. ಎಂಜಿನ್ನಿನ ಸದ್ದು ತಣ್ಣಗೆ, ಹದವಾಗಿ ಬಂತು. ಖುಷಿಪಡುವುದು ಬಿಟ್ಟು ನಾನು ಮನೆಗೆ ಬಂದು ಶೆಡ್ಡಿನಲ್ಲಿ ಬಾನೆಟ್ಟು ಎತ್ತಿದೆ.

ನನ್ನ ಹತ್ತಿರ ಒಂದು ಪರೀಕ್ಷೆಯಿದೆ. ಅಸಲಿ ಪಾಸಿನ ಮೇಲಿನ ಚೀಟಿಯ ಮೂಲೆಗೆ ಉಗುರು ಕೊಟ್ಟರೆ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಇಡಿಯಾಗಿ ಏಳುತ್ತದೆ. ಖೋಟಾದ್ದು ಅಗ್ಗದ ಕಾಗದ, ಚೂರುಚೂರಾಗುತ್ತದೆ. ಇಪ್ಪತ್ತೆಂಟು ವರ್ಷದಲ್ಲಿ ಈ ಹೆಬ್ಬೆರಳಿನ ಉಗುರು ಒಮ್ಮೆಯೂ ತಪ್ಪಿಲ್ಲ. ಚೀಟಿಯ ಮೂಲೆಗೆ ಅದನ್ನೇ ಕೊಟ್ಟೆ.

ಚೂರುಚೂರಾಯಿತು.

ಸಿಟ್ಟಿನಿಂದ ಮೈ ಉರಿದುಹೋಯಿತು, ಒಳಗೊಳಗೇ ಒಂದು ಸಮಾಧಾನವೂ ಆಯಿತು. ಸುಳ್ಳು ಹೇಳಿ ಏನು ಪ್ರಯೋಜನ, ಕಳ್ಳ ಸಿಕ್ಕಾಗ ನನಗೆ ಯಾವಾಗಲೂ ಹಾಗೇ ಆಗುತ್ತದೆ. ಒಡಹುಟ್ಟಿದವಳಿಗೇ ಟೋಪಿ! ಕೆಲಸದಲ್ಲಿ ಮಾಡುವ ಹಾಗೇ ಮಾಡಿದೆ. ಏಳು ಚೂರುಗಳನ್ನೂ ಒಂದು ರಟ್ಟಿಗೆ ಬಿಗಿಯಾಗಿ ಅಂಟಿಸಿ, ಪಕ್ಕದಲ್ಲಿ ತಾರೀಖು ಬರೆದು, ಷರಾ ಹಾಕಿದೆ. ಇಂಕು ಆರಿದ ಮೇಲೆ ಕೈಚೀಲಕ್ಕೆ ಸೇರಿಸಿದೆ. ಅವನ ಮುಖಕ್ಕೆ ಹಿಡಿಯುವ ಮೊದಲು ಇನ್ನೊಬ್ಬ ಸಾಕ್ಷಿ ಬೇಕು. ಅದೂ ಅಭ್ಯಾಸವೇ.

ಮರುದಿನ ಬಿಡಿಭಾಗದ ಅಂಗಡಿಯ ವಯಸ್ಸಾದ ಯಜಮಾನರಿಗೆ ರಟ್ಟು ತೋರಿಸಿದೆ. ಷರಾ ಬರೆದ ಕಡೆ ಬೆರಳು ಅಡ್ಡ ಹಿಡಿದಿದ್ದೆ. ಅವರು ಕನ್ನಡಕ ಹಣೆಗೇರಿಸಿ ನೋಡಿದರು.

"ಅಯ್ಯೋ, ಇದನ್ನ ಕಿತ್ತವರು ಯಾರು?"

"ಖೋಟಾ ತಾನೇ?"

"ಖೋಟಾ ಆಗಿದ್ರೆ ಇಡಿಯಾಗಿ ಏಳ್ತಿತ್ತಮ್ಮ. ಒಂದು ಡಬ್ಬಿಯಿಂದ ಬಿಡಿಸಿ ಇನ್ನೊಂದಕ್ಕೆ ಅಂಟಿಸಬಾರದು ಅಂತ ಅಸಲಿ ಚೀಟೀನ ಮುಟ್ಟಿದ್ರೆ ಚೂರಾಗೋ ಹಾಗೇ ಮಾಡಿರ್ತಾರೆ. ಈ ಡಬ್ಬಿ ಮಾಡ್ತಿದ್ದವರು ಬಾಗಿಲು ಹಾಕಿ ಎಷ್ಟೋ ವರ್ಷ ಆಯ್ತು. ಇನ್ನೊಂದು ಚೀಟಿ ಕೊಡೋರು ಯಾರೂ ಇಲ್ಲ." ರಟ್ಟನ್ನು ಹಿಂದಕ್ಕೆ ತಳ್ಳಿದರು. "ಚೂರುಗಳನ್ನ ಮಾತ್ರ ಕಳ್ಕೊಬೇಡಿ. ನಂಬರು ಓದೋಕೆ ಬಂದ್ರೆ ಪುಣ್ಯಾತ್ಮ ಯಾರಾದ್ರೂ ಒಪ್ಪಬಹುದು."

ಇಂಗು ತಿಂದ ಮಂಗನ ಹಾಗೆ ಅಂಗಡಿಯಿಂದ ಇಳಿದೆ. ತಮ್ಮನಿಗೆ ಹೇಳಬೇಕಿತ್ತು. ನಾಲ್ಕು ದಿನ ಫೋನು ಕೈಗೆತ್ತಿಕೊಂಡು ಕೆಳಗಿಟ್ಟೆ. ಏನೆಂದು ಹೇಳಲಿ? ನಿನ್ನನ್ನು ಕಳ್ಳ ಅಂದುಕೊಂಡೆ, ಅದಕ್ಕೇ ಕಿತ್ತೆ ಅಂತಲೇ? ಚೂರುಗಳನ್ನು ರಟ್ಟಿನಿಂದ ಬಿಡಿಸಿ ಷರಾ ಸುಟ್ಟುಬಿಡೋಣವೆಂದು ನೋಡಿದೆ. ಒಂದು ಚೂರಿನ ಅಂಚು ಇನ್ನಷ್ಟು ಹರಿಯಿತು, ಬಿಟ್ಟೆ. ಚೀಟಿ ಇಲ್ಲದ್ದು ತಪಾಸಣೆಯವನ ಕಣ್ಣಿಗೆ ಬೀಳದಿರಲಿ ಎಂದು ಹಾರೈಸಿದೆ. ಜೀವಮಾನವೆಲ್ಲ ಬೇರೆಯವರ ಅಂಥ ಆಸೆಗೆ ಕಲ್ಲು ಹಾಕಿದವಳು ನಾನು.

ತಪಾಸಣೆಯ ದಿನ ತಮ್ಮ ತಾನಾಗಿಯೇ ಬಂದ, ಕೈಕೆಲಸ ಬಿಟ್ಟು. ಉದ್ದನೆಯ ಶೆಡ್ಡು, ಹಳದಿ ಗೆರೆಗಳ ನಡುವೆ ಕೆಂಪಿ. ತಪಾಸಣೆಯವನು ಬ್ರೇಕು ನೋಡಿದ, ಹೊಗೆ ನೋಡಿದ, ಸದ್ದು ಅಳೆದ. ಎಲ್ಲ ಸರಿ. ಬಾನೆಟ್ಟು ಎತ್ತಿ ಪ್ರಮಾಣಪತ್ರ ಕೈಲಿ ಹಿಡಿದು ಬಗ್ಗಿದ.

"ಚೀಟಿ ಎಲ್ಲಿ?"

ಡಬ್ಬಿಯ ಮೇಲೆ ಒಣಗಿದ ಅಂಟಿನ ಕಲೆ ಮಾತ್ರ ಇತ್ತು. ತಮ್ಮ ಅದನ್ನು ನೋಡಿದ, ನನ್ನನ್ನು ನೋಡಿದ. ನಾನು ಕೈಚೀಲದ ಬಾಯಿ ಬಿಗಿಯಾಗಿ ಹಿಡಿದುಕೊಂಡೆ.

"ನಾನೇ ಸರ್," ಅಂದ ಅವನು. "ಕೂರಿಸುವಾಗ ಸ್ಪ್ಯಾನರ್ ತಾಗಿ ಹರಿದುಹೋಯ್ತು."

"ಚೂರು?"

"ಗುಡಿಸಿ ಹಾಕಿಬಿಟ್ಟೆ ಸರ್."

ಸುಳ್ಳು ಹೇಳಿ ಅವನಿಗೆ ಅಭ್ಯಾಸವೇ ಇರಲಿಲ್ಲ. ಕಿವಿಯ ತುದಿ ಕೆಂಪಾಗಿತ್ತು, ಕಣ್ಣು ನೆಲದಲ್ಲಿತ್ತು. ನಾನು ಅವನಲ್ಲಿ ಖಚಿತವಾಗಿ ಹಿಡಿದ ಮೊದಲ ಸುಳ್ಳು ಅದು, ಅದನ್ನೂ ನನಗಾಗಿ ಹೇಳುತ್ತಿದ್ದ.

"ಮೆಕ್ಯಾನಿಕ್ ಆಗಿ ಇಷ್ಟೂ ಗೊತ್ತಿಲ್ವಾ? ಚೀಟಿ ಇಲ್ಲ ಅಂದ್ರೆ ಈ ಹಾಳೆ ಈ ಡಬ್ಬೀದೇ ಅಂತ ಹೇಗೆ ನಂಬಲಿ?" ತಪಾಸಣೆಯವನು ಪೆನ್ನು ತೆಗೆದ. ಫಾರಮ್ಮಿನ ಕೆಳಗಡೆಯ ಚೌಕಕ್ಕೆ ಪೆನ್ನು ಹೋಗುವುದು ಕಾಣಿಸಿತು. ಆ ಚೌಕ ನನಗೆ ಗೊತ್ತು. ಒಮ್ಮೆ ಗುರುತು ಬಿದ್ದರೆ ಮುಗಿಯಿತು.

ಕೈಚೀಲ ತೆರೆದೆ. ಕೊಡದಿದ್ದರೆ ಕೆಂಪಿ ಹೋಗುತ್ತಾಳೆ, ಕೊಟ್ಟರೆ ತಮ್ಮ ಆ ಷರಾ ಓದುತ್ತಾನೆ. "ಚೂರು ಇದೆ," ಅಂದೆ. "ಅವನು ಹರಿದದ್ದಲ್ಲ. ನಾನೇ ಕಿತ್ತಿದ್ದು."

ತಪಾಸಣೆಯವನು ರಟ್ಟು ಇಸಿದುಕೊಂಡು ಬೆಳಕಿಗೆ ಹಿಡಿದ. ಪ್ರಮಾಣಪತ್ರದ ನಂಬರನ್ನು ಚೂರುಗಳ ಮೇಲೆ ಬೆರಳಿಟ್ಟು ಒಂದೊಂದಾಗಿ ತಾಳೆ ನೋಡಿದ. ಆಮೇಲೆ ಪಕ್ಕದ ಬರಹಕ್ಕೆ ಬಂದ. ಬೇಕೆಂದೇ ಮಾಡಿದನೋ, ಇಲ್ಲ ಗಟ್ಟಿಯಾಗಿ ಓದುವುದು ಅವನ ಅಭ್ಯಾಸವೋ ಗೊತ್ತಿಲ್ಲ.

"ಖೋಟಾ ಚೀಟಿ. ಕೊಟ್ಟವನು, ತಮ್ಮ. ಹಿಂದೊಮ್ಮೆ ಟಿಕೆಟ್ ಇಲ್ಲದೆ ಸಿಕ್ಕಿಬಿದ್ದವನು."

ಶೆಡ್ಡಿನ ಆ ತುದಿಯಲ್ಲಿ ಯಾರೋ ಎಂಜಿನ್ ಆರಿಸಿದರು. ತಮ್ಮ ಚಿಂದಿಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಿದ್ದ. ಒರೆಸಿದ ಕೈಯನ್ನೇ ಮತ್ತೆ ಮತ್ತೆ ಒರೆಸಿಕೊಂಡ.

"ಚೂರು ಪೂರ್ತಿ ಇದೆ, ನಂಬರು ಸರಿಯಾಗಿದೆ," ಅಂದ ತಪಾಸಣೆಯವನು, ದನಿ ತಗ್ಗಿಸಿ. "ಪಾಸು. ಇದನ್ನ ಕಾರಿನ ಕಾಗದದ ಜೊತೆಗೇ ಇಟ್ಕೊಳ್ಳಿ. ಪ್ರತಿ ವರ್ಷ ತೋರಿಸಬೇಕಾಗುತ್ತೆ."

ಪ್ರತಿ ವರ್ಷ! ರಟ್ಟು ತೆಗೆದುಕೊಂಡು ಹೊರಗೆ ಬಂದೆ. ಕೆಂಪಿ ಉಳಿದಿದ್ದಳು. ಪಕ್ಕದ ಬಾಗಿಲು ತೆರೆದು ಹಿಡಿದೆ. "ಬಾರೋ, ಗ್ಯಾರೇಜಿಗೆ ಬಿಡ್ತೀನಿ. ತಪ್ಪಾಯ್ತು ನಂದು."

"ಬೇಡ ಅಕ್ಕಾ. ಬಸ್ಸಲ್ಲಿ ಹೋಗ್ತೀನಿ." ಸಿಟ್ಟು ಮಾಡಿಕೊಂಡಿದ್ದರೆ ಒಳ್ಳೆಯದಿತ್ತು. ಅವನು ಮೆತ್ತಗೆ ಬಾಗಿಲು ಮುಚ್ಚಿ ಕಿಟಕಿಗೆ ಬಗ್ಗಿದ. "ಆವತ್ತು ಟಿಕೆಟ್ ತಗೊಂಡಿದ್ದೆ ಕಣೇ. ನಿಜವಾಗ್ಲೂ ಗಾಳಿಗೆ ಹಾರಿಹೋಗಿತ್ತು. ನೀನೂ ನಗಲಿ ಅಂತ ತಮಾಷೆ ಮಾಡ್ಕೊಂಡು ಹೇಳ್ತಿದ್ದೆ. ಒಂದಲ್ಲ ಒಂದು ದಿನ ನಂಬ್ತೀಯ ಅಂದ್ಕೊಂಡಿದ್ದೆ."

ಬಸ್ಸು ಬಂತು. ಅವನು ಹತ್ತಿ ಕಿಟಕಿಯ ಪಕ್ಕ ಕೂತ. ಕಂಡಕ್ಟರ್ ಕೊಟ್ಟ ಟಿಕೆಟನ್ನು ಎರಡು ಮಡಿಕೆ ಮಾಡಿ, ಅಂಗಿಯ ಜೇಬಿಗೆ ತುರುಕಿ, ಮೇಲೆ ಗುಂಡಿ ಹಾಕಿಕೊಂಡ. ನಾನು ನೋಡುತ್ತಿರುವುದು ಅವನಿಗೆ ಗೊತ್ತಿರಲಿಲ್ಲ.